ಮೂರು ದಿನದ ಮದುವೆಯಲ್ಲಿ ಧಾರೆಗೆ ಮುಕ್ಕಾಲು ಗಂಟೆಯೇ?

ಊರು ಬಿಟ್ಟು ದೂರದ ಅರಮನೆಯಲ್ಲೋ ರೆಸಾರ್ಟಿನಲ್ಲೋ ಕಡಲ ದಂಡೆಯಲ್ಲೋ ಎರಡು ಮೂರು ದಿನ ಮದುವೆ ನಡೆಸಲು ಹೊರಟವರಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಪೌರೋಹಿತ್ಯಕ್ಕೆ ಕರೆದವರಿಗೆಲ್ಲ ಒಂದೇ ಮಾತನ್ನು ಹೇಳಿ ಹೇಳಿ ಸಾಕಾಗಿರುವುದರಿಂದ ಈ ಸಲ ಬರೆದೇ ಉತ್ತರಿಸುತ್ತಿದ್ದೇನೆ. ನಾಂದಿ ಎಂದರೇನು, ಧಾರೆ ಎಂದರೇನು ಎಂಬ ವಿವರಣೆಗೆ ಇಲ್ಲಿ ಕೈಹಾಕುವುದಿಲ್ಲ. ಅವನ್ನು ಮನೆಯ ಹಿರಿಯರಿಂದ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಡಿಸೆಂಬರ್ ಮೊದಲ ವಾರ ಉದಯಪುರದ ಸರೋವರದ ದಂಡೆಯ ಹೋಟೆಲಿನಲ್ಲಿ ಮಗಳ ಮದುವೆ ಇಟ್ಟುಕೊಂಡಿದ್ದೇವೆ. ಮೊದಲ ದಿನ ಮೆಹಂದಿ, ಎರಡನೆಯ ದಿನ ಅರಿಶಿನ ಮತ್ತು ಸಂಗೀತ, ಮೂರನೆಯ ದಿನ ಧಾರೆ. ಬೆಂಗಳೂರಿನ ಜ್ಯೋತಿಷಿಗಳು ಮಧ್ಯಾಹ್ನ 12.05ರಿಂದ 12.15ರೊಳಗಿನ ಅಭಿಜಿನ್ ಮುಹೂರ್ತ ಕೊಟ್ಟಿದ್ದಾರೆ. ಸಂಜೆಯ ಬೆಳಕು ಚೆನ್ನಾಗಿರುತ್ತದೆ, ಸೂರ್ಯಾಸ್ತಕ್ಕೆ ಇಟ್ಟುಕೊಳ್ಳಿ ಎಂದು ಫೋಟೊ ತೆಗೆಯುವವರು ಹೇಳುತ್ತಾರೆ. ಧಾರೆಯಿಂದ ಸಪ್ತಪದಿಯವರೆಗೆ ಮುಕ್ಕಾಲು ಗಂಟೆಯಲ್ಲಿ ಮುಗಿಸಬಹುದೇ? ಮನೆಯಲ್ಲಿ 86 ವರ್ಷದ ಅಜ್ಜಿ ಇದ್ದಾರೆ, ಅವರು ಪ್ರಯಾಣ ಮಾಡಲಾರರು.

ಉತ್ತರ: ಮೊದಲು ಮುಹೂರ್ತದ ವಿಷಯ. ನಿಮ್ಮ ಕೈಯಲ್ಲಿರುವುದು ಬೆಂಗಳೂರಿನ ಮುಹೂರ್ತ, ಮದುವೆ ನಡೆಯುವುದು ಉದಯಪುರದಲ್ಲಿ. ಅಭಿಜಿನ್ ಎಂದರೆ ಆಯಾ ಊರಿನಲ್ಲಿ ಸೂರ್ಯ ನೆತ್ತಿಗೇರುವ ಹೊತ್ತಿನ ಆಸುಪಾಸು. ಬೆಂಗಳೂರು ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿದೆ, ಉದಯಪುರ 73.7ರಲ್ಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿಯ ನಡುಹಗಲು ನಮ್ಮದಕ್ಕಿಂತ ಸುಮಾರು ಕಾಲು ಗಂಟೆ ತಡ. ಡಿಸೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ 12.10ರ ಹೊತ್ತಿಗೆ ನೆತ್ತಿಗೆ ಬರುವ ಸೂರ್ಯ ಉದಯಪುರದಲ್ಲಿ ಬರುವುದು 12.25ಕ್ಕೆ. ಸೂರ್ಯೋದಯದ ವ್ಯತ್ಯಾಸ ಇನ್ನೂ ದೊಡ್ಡದು, ಇಲ್ಲಿ ಆರೂವರೆಯ ಸುಮಾರಿಗಾದರೆ ಅಲ್ಲಿ ಏಳು ದಾಟಿರುತ್ತದೆ. ಒಂದು ಲಗ್ನ, ಎಂದರೆ ಒಂದು ರಾಶಿ ಪೂರ್ವದಲ್ಲಿ ಉದಯಿಸುವ ಅವಧಿ, ಸುಮಾರು ಎರಡು ಗಂಟೆ ಇರುತ್ತದೆ, ಅದರ ಒಂಬತ್ತನೆಯ ಒಂದು ಭಾಗವಾದ ನವಾಂಶ ಹದಿಮೂರು ನಿಮಿಷದ ಆಜುಬಾಜು. ಜ್ಯೋತಿಷಿಗಳು ಶ್ರಮಪಟ್ಟು ಹುಡುಕಿ ಕೊಡುವುದು ಆ ಹದಿಮೂರು ನಿಮಿಷವನ್ನೇ. ನೀವು ಇಲ್ಲಿಯ ಗಳಿಗೆಯನ್ನು ಅಲ್ಲಿಗೆ ಹೊತ್ತೊಯ್ದರೆ ನವಾಂಶವೇ ತಪ್ಪಿಹೋಗುತ್ತದೆ. ಆದ್ದರಿಂದ ಅದೇ ಜ್ಯೋತಿಷಿಗಳ ಬಳಿ ಹೋಗಿ, ಊರಿನ ಹೆಸರು ಹೇಳಿ, ಮತ್ತೆ ಗುಣಿಸಿ ಕೊಡುವಂತೆ ಕೇಳಿ. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಇದನ್ನು ಮಾಡಿ.

ಸಂಜೆಯ ಮದುವೆ ಅಶಾಸ್ತ್ರೀಯವೇನಲ್ಲ, ಗೋಧೂಳಿ ಲಗ್ನದಲ್ಲಿ ಧಾರೆಯೆರೆಯುವ ಪದ್ಧತಿ ನಮ್ಮಲ್ಲೇ ಇದೆ. ಆದರೆ ಆ ದಿನಗಳಲ್ಲಿ ಉದಯಪುರದ ಸೂರ್ಯ ಐದೂಮುಕ್ಕಾಲಿಗೆ ಮುಳುಗುತ್ತಾನೆ. ವಧೂವರರು ಬೆಳಗಿನಿಂದ ಉಪವಾಸವಿರಬೇಕು, ಲಾಜಾಹೋಮ ಕತ್ತಲಲ್ಲಿ ನಡೆಯಬೇಕು, ಎಂಟು ಗಂಟೆಗೆ ಆರತಕ್ಷತೆಯೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿರುತ್ತೀರಿ. ಆಗ ಪುರೋಹಿತನ ಬೆನ್ನ ಹಿಂದೆ ನಿಂತು ‘ಬೇಗ, ಬೇಗ’ ಎನ್ನುವವರು ಹತ್ತು ಜನ. ನನ್ನ ಸಲಹೆ ಮಧ್ಯಾಹ್ನದ ಮುಹೂರ್ತವೇ. ಸಂಜೆಯ ಬೆಳಕು ಬೇಕಾದರೆ ಫೋಟೊಗಳನ್ನು ಸಂಜೆ ತೆಗೆಸಿಕೊಳ್ಳಿ, ಧಾರೆಯನ್ನು ಅದಕ್ಕಾಗಿ ಸರಿಸಬೇಡಿ.

ಇನ್ನು ಮುಕ್ಕಾಲು ಗಂಟೆಯ ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಮದುವೆ ಐದು ದಿನ ನಡೆಯುತ್ತಿತ್ತು, ನಾಲ್ಕನೆಯ ದಿನ ಶೇಷಹೋಮ, ಆಮೇಲೆ ನಾಗವಲಿ. ಆ ದಿನಗಳೆಲ್ಲ ಧಾರೆಯನ್ನು ಸುತ್ತುವರಿದು ಬಂದಿದ್ದವು. ಇಂದು ಮೂರು ದಿನಕ್ಕೆ ಹೋಟೆಲು ಹಿಡಿದು, ಅರಿಶಿನಕ್ಕೆ ಅರ್ಧ ದಿನ, ಸಂಗೀತಕ್ಕೆ ಇಡೀ ರಾತ್ರಿ ಕೊಟ್ಟು, ಮದುವೆಯನ್ನು ಮದುವೆಯಾಗಿಸುವ ವಿಧಿಗಳಿಗೆ ಮಾತ್ರ ಮುಕ್ಕಾಲು ಗಂಟೆ ಕೊಡುತ್ತೀರಿ. ಒಂದೇ ದಿನಕ್ಕೆ ಛತ್ರ ಹಿಡಿದ ಬಡವರ ಮನೆಯವರು ಮಧ್ಯಾಹ್ನದ ಊಟದ ಪಂಕ್ತಿಗೆ ಹೆದರಿ ಅವಸರ ಮಾಡಿದರೆ ನನಗೆ ಅರ್ಥವಾಗುತ್ತದೆ. ಕೈಯಲ್ಲಿ ಮೂರು ದಿನ ಇಟ್ಟುಕೊಂಡವರ ಅವಸರ ನನಗೆ ನೋವು ತರುತ್ತದೆ. ಅಂತರಪಟ ಸರಿಸಿ ಜೀರಿಗೆ ಬೆಲ್ಲ ಹಾಕುವ ಕ್ಷಣಕ್ಕೆ ಎಲ್ಲರ ಮೊಬೈಲು ಮೇಲೇಳುತ್ತದೆ. ಅಣ್ಣನೋ ತಮ್ಮನೋ ಮದುಮಗಳ ಬೊಗಸೆಗೆ ಅರಳು ತುಂಬುವಾಗ, ಅವಳು ಸಾಣೆಕಲ್ಲಿನ ಮೇಲೆ ಕಾಲಿಡುವಾಗ ಚಪ್ಪರದಲ್ಲಿ ಅರ್ಧ ಜನ ಇರುವುದಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನ ಪ್ರಕಾರ, ಸಪ್ತಪದಿ ಇರುವ ಸಂಪ್ರದಾಯದಲ್ಲಿ ಏಳನೆಯ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ಣ. ವಿಧಿಗಳು ನಡೆಯದೆ ಬರೀ ನೋಂದಣಿ ಪತ್ರದಿಂದ ಹಿಂದೂ ವಿವಾಹ ಸಿದ್ಧಿಸದು ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಧಾರೆಯಿಂದ ಸಪ್ತಪದಿಯವರೆಗೆ ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅದಕ್ಕೆ ಕಡಿಮೆಯಾದರೆ ನಾನು ಒಪ್ಪಿಕೊಳ್ಳುವುದಿಲ್ಲ, ಒಪ್ಪಿಕೊಳ್ಳುವ ಪುರೋಹಿತರನ್ನು ನಂಬಬೇಡಿ ಎಂದೂ ಹೇಳುತ್ತೇನೆ.

ಅಜ್ಜಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಅದು ಕೊನೆಯ ಸಾಲಾಗಿತ್ತು. ವಿವಾಹಕ್ಕೆ ಹತ್ತು ದಿನ ಮೊದಲೇ ನಾಂದಿ ಮಾಡಲು ಧರ್ಮಶಾಸ್ತ್ರದಲ್ಲಿ ಅವಕಾಶವಿದೆ. ಹೊರಡುವ ಮುನ್ನ ದೇವರ ಕಾರ್ಯವನ್ನೂ ನಾಂದಿಯನ್ನೂ ನಿಮ್ಮ ಮನೆಯಲ್ಲೇ ಮಾಡಿ. ಅಜ್ಜಿ ದೀಪ ಹಚ್ಚಲಿ, ಮೊಮ್ಮಗಳಿಗೆ ಮೊದಲ ಅರಿಶಿನ ಅವರೇ ಹಚ್ಚಲಿ, ಮೊದಲ ಅಕ್ಷತೆ ಅವರ ಕೈಯಿಂದಲೇ ಬೀಳಲಿ. ನಾಂದಿಯಾದ ಮೇಲೆ ನಡುವೆ ಸೂತಕ ಬಂದರೂ ಮದುವೆ ನಿಲ್ಲುವುದಿಲ್ಲ ಎಂಬುದು ಇದರ ಇನ್ನೊಂದು ಅನುಕೂಲ. ಧಾರೆಯ ಹೊತ್ತಿಗೆ ಮೊಬೈಲಿನ ಪರದೆಯಲ್ಲಿ ಅಜ್ಜಿಯ ಮುಖ ತೋರಿಸುವುದು ಇದಕ್ಕೆ ಸಾಟಿಯಲ್ಲ.

ಇನ್ನು ಬೆಂಕಿ. ಹೊಗೆ ತಗುಲಿದರೆ ಕೂಗುವ ಯಂತ್ರವಿರುವ ಸಭಾಂಗಣದಲ್ಲಿ ಹೋಮಕ್ಕೆ ಬಿಡುವುದಿಲ್ಲ. ಮುಂಗಡ ಕೊಡುವ ಮೊದಲೇ ಅನುಮತಿಯನ್ನು ಬರಹದಲ್ಲಿ ಪಡೆಯಿರಿ. ಬಯಲಿನಲ್ಲಿ ಗಾಳಿಯ ತೊಂದರೆ. ಉತ್ತರ ಕನ್ನಡದ ಕಡಲ ದಂಡೆಯ ಮದುವೆಯೊಂದರಲ್ಲಿ ಹೂವಿಗೆಂದೇ ಎರಡು ಲಾರಿ ಬಂದಿದ್ದವು, ಹೋಮಕುಂಡಕ್ಕೆ ಇಟ್ಟಿಗೆ ಒಂದೂ ಇರಲಿಲ್ಲ. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಯಿಂದ ಎಂಟು ಇಟ್ಟಿಗೆ ಬೇಡಿ ತಂದು, ಮರಳು ಹಾಸಿ, ಅಗ್ನಿ ಇಟ್ಟರೆ ಗಾಳಿಗೆ ನಿಲ್ಲಲೊಲ್ಲದು. ಮದುಮಗನ ಸೋದರಮಾವ ತಗಡಿನ ಹಾಳೆಯೊಂದನ್ನು ಮರೆ ಹಿಡಿದು ಪೂರ್ತಿ ಒಂದು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದರು. ಇಟ್ಟಿಗೆ, ಮರಳು, ಗಾಳಿಮರೆ, ಇವು ಹೂವಿಗಿಂತ ಮೊದಲು ಪಟ್ಟಿಯಲ್ಲಿ ಇರಬೇಕು. ಸಮಿತ್ತು, ದರ್ಭೆ, ಅರಳು, ಬಿಳಿಯ ಅಂತರಪಟವನ್ನು ಇಲ್ಲಿಂದಲೇ ಒಯ್ಯಿರಿ. ಕರ್ಪೂರ, ಬೆಂಕಿಪೊಟ್ಟಣ, ಒಣಕೊಬ್ಬರಿಗಳನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಉಡಿ ತುಂಬಲು ಬೇಕಾದ ಕೊಬ್ಬರಿ ಗಿಟುಕನ್ನು ಅಲ್ಲಿಯ ಪೇಟೆಯಲ್ಲೇ ಕೊಳ್ಳಿ.

ಪ್ರಶ್ನೆ: ರಾಜ್ಯದ ಗಡಿ ದಾಟಿ ಮದುವೆಯಾದರೆ ಕುಲದೇವರ ರಕ್ಷೆ ತಪ್ಪುತ್ತದೆ, ಸ್ಥಳದೋಷ ನಿವಾರಣೆಗೆ 60 ಸಾವಿರ ರೂಪಾಯಿಯ ಹೋಮ ಆಗಬೇಕು ಎಂದು ವಾಸ್ತುತಜ್ಞರೊಬ್ಬರು ಹೇಳಿದ್ದಾರೆ. ನಿಜವೇ?

ಉತ್ತರ: ಸುಳ್ಳು. ರಾಜ್ಯದ ಗಡಿಗಳನ್ನು ಸರ್ಕಾರ ಗುರುತಿಸಿದ್ದು, ಯಾವ ಶಾಸ್ತ್ರವೂ ಅಲ್ಲ. ಯಾವ ಊರಿನಲ್ಲಿ ಕೂತರೂ ಆ ದೇಶಕಾಲವನ್ನು ಸಂಕಲ್ಪದಲ್ಲಿ ಉಚ್ಚರಿಸಿಯೇ ಕರ್ಮ ಆರಂಭಿಸುತ್ತೇವೆ, ಅಷ್ಟು ಸಾಕು. ಹೆಣ್ಣು ಹೆತ್ತವರ ಹೆದರಿಕೆಯನ್ನು ಹಣ ಮಾಡಿಕೊಳ್ಳುವ ಇಂಥವರಿಂದ ನಮ್ಮ ವೃತ್ತಿಯ ಮಾನ ಹೋಗುತ್ತಿದೆ. ಕೊಟ್ಟಿಲ್ಲವಾದರೆ ಕೊಡಬೇಡಿ, ಕೊಟ್ಟಿದ್ದರೆ ವಾಪಸು ಕೇಳಿ.

ಪ್ರಶ್ನೆ: ಆಷಾಢದಲ್ಲಿ ಸಕಲೇಶಪುರದ ರೆಸಾರ್ಟುಗಳು ಅಗ್ಗ. ಆಗ ಮಾಡಬಹುದೇ?

ಉತ್ತರ: ಬೇಡ, ಶಾಸ್ತ್ರಕ್ಕೂ ಬೇಡ, ಮಳೆಗೆ ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿದು ಬೀಗರು ದಾರಿಯಲ್ಲೇ ಸಿಕ್ಕಿಕೊಳ್ಳುವ ಭಯಕ್ಕೂ ಬೇಡ.

ಪ್ರಶ್ನೆ: ಮೊಬೈಲ್ ಆ್ಯಪ್ ತೋರಿಸುವ ಶುಭ ಸಮಯ ಸಾಲದೇ?

ಉತ್ತರ: ಸಾಲದು. ವಧೂವರರ ಜನ್ಮನಕ್ಷತ್ರ, ರಾಶಿಗಳಿಂದ ನೋಡುವ ತಾರಾಬಲ, ಚಂದ್ರಬಲ ಅದಕ್ಕೆ ತಿಳಿದಿರುವುದಿಲ್ಲ.

ಪ್ರಶ್ನೆ: ಹಿಂದಿನ ರಾತ್ರಿಯ ಸಂಗೀತ ಒಂದು ಗಂಟೆಯವರೆಗೆ ನಡೆದರೆ ತೊಂದರೆಯೇ?

ಉತ್ತರ: ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಒಳಗೆ ನಡೆಸಿದರೂ ಹತ್ತಕ್ಕೆ ಮುಗಿಸಿ. ನಿದ್ದೆಗೆಟ್ಟು ತೂಕಡಿಸುವ ವರನ ಕೈಯಿಂದ ಮಾಂಗಲ್ಯಧಾರಣೆ ಮಾಡಿಸಿ ನನಗೆ ಸಾಕಾಗಿದೆ.

ಪ್ರಶ್ನೆ: ನಮ್ಮದೂ ಡಿಸೆಂಬರಿನ ಮದುವೆ, ಎರಡು ದಿನದ್ದು. ಧಾರೆ ಮುಗಿದ ಕೂಡಲೇ ಮಧ್ಯಾಹ್ನವೇ ಅರುಂಧತಿ ದರ್ಶನ ಮಾಡಿಸಿಬಿಡಬಹುದೇ?

ಉತ್ತರ: ಬಿಸಿಲಿನಲ್ಲಿ ಆಕಾಶದತ್ತ ಬೆರಳು ತೋರಿಸಿ ಮುಗಿಸುವುದು ಒಂದೇ ದಿನದ ಮದುವೆಯ ಅನಿವಾರ್ಯತೆ. ನಿಮಗೆ ಆ ಅನಿವಾರ್ಯತೆ ಇಲ್ಲ. ಡಿಸೆಂಬರಿನ ಸಂಜೆಗೂ ಅರುಂಧತಿ ಕಾಣುವುದಿಲ್ಲ, ಸಪ್ತರ್ಷಿಮಂಡಲ ಮೂಡುವುದು ನಡುರಾತ್ರಿ ದಾಟಿದ ಮೇಲೆ. ಆದ್ದರಿಂದ ಧಾರೆಯನ್ನು ಮೊದಲ ದಿನವೇ ಇಟ್ಟುಕೊಳ್ಳಿ. ಮರುದಿನ ಬೆಳಗಿನ ಜಾವ ಐದು ಗಂಟೆಗೆ ವಧೂವರರನ್ನೂ ಇಬ್ಬರ ತಾಯಿ ತಂದೆಯರನ್ನೂ ಎಬ್ಬಿಸಿ, ಹೋಟೆಲಿನ ದೀಪಗಳಿಂದ ದೂರ ಕರೆದೊಯ್ದು, ಈಶಾನ್ಯಕ್ಕೆ ಮುಖ ಮಾಡಿ ನಿಲ್ಲಿಸಿ. ಸಪ್ತರ್ಷಿಗಳ ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ, ಅದಕ್ಕೆ ಒತ್ತಿಕೊಂಡಂತೆ ಮಂಕಾಗಿರುವುದು ಅರುಂಧತಿ. ಕಣ್ಣು ಕತ್ತಲಿಗೆ ಹೊಂದಲು ಹತ್ತು ನಿಮಿಷ ಬೇಕು, ಅಲ್ಲಿಯವರೆಗೆ ಯಾರೂ ಮೊಬೈಲು ತೆಗೆಯುವಂತಿಲ್ಲ. ಶಾಲು ಹೊದ್ದು ಬರಲು ಹೇಳಿ, ಆ ಹೊತ್ತಿಗೆ ಚಳಿ ಇರುತ್ತದೆ.