ಸಿಡಿ80 ತಡೆಯಲೇ, ಸಿಡಿ86 ತಡೆಯಲೇ ಎಂದು ಕೇಳುವ ಮೊದಲು

ಡಿಎಸ್‌ಎಸ್ ಎಂಬ, ಕರುಳಿಗೆ ಉರಿಯೂತ ತರುವ ರಾಸಾಯನಿಕ ಕೊಟ್ಟ ಇಲಿಗಳ ದೊಡ್ಡ ಕರುಳಿನಲ್ಲಿ ಡೆಂಡ್ರೈಟಿಕ್ ಕೋಶಗಳ ಮೇಲೆ ಸಿಡಿ86 ಏರಿದೆ, ಟಿ ಕೋಶಗಳನ್ನು ಕೆರಳಿಸುತ್ತಿರುವುದು ಅದೇ ಇರಬೇಕು, ಈಗ ಸಿಡಿ80 ಮತ್ತು ಸಿಡಿ86ರಲ್ಲಿ ಯಾವುದನ್ನು ತಡೆಯಲಿ ಎಂದು ಕೇಳಿದ್ದೀರಿ. (ಡೆಂಡ್ರೈಟಿಕ್ ಕೋಶ, ಟಿ ಕೋಶ ಎರಡೂ ರೋಗನಿರೋಧಕ ಕೋಶಗಳು; ಸಿಡಿ80, ಸಿಡಿ86 ಮೊದಲಿನದರ ಮೇಲ್ಮೈಯಲ್ಲಿದ್ದು ಟಿ ಕೋಶಕ್ಕೆ ಸಂಕೇತ ಕೊಡುವ ಅಣುಗಳು.) ಇದೇ ಗ್ರಾಫನ್ನು ನಾನೂ ಮೇಜಿನ ಎದುರಿನ ಗೋಡೆಗೆ ಅಂಟಿಸಿಕೊಂಡಿದ್ದೆ.

ಉರಿಯೂತ ಬಂದ ಕರುಳು ಗಿಡ್ಡವಾಗಿ, ದಪ್ಪಗೆ ಊದಿಕೊಂಡಿರುತ್ತದೆ. ಕೋಶಗಳನ್ನು ಬಿಡಿಸಲು ಇಡಿಟಿಎ ರಾಸಾಯನಿಕ ಹಾಕಿ ಮೇಲ್ಪದರ ಕಳಚಿ, ತುಂಡುಗಳನ್ನು ಅಂಗಾಂಶ ಕರಗಿಸುವ ಕಿಣ್ವ ಕೊಲಾಜಿನೇಸ್‌ನಲ್ಲಿ 37 ಡಿಗ್ರಿಗೆ ಇಟ್ಟು ಅಲುಗಾಡಿಸುತ್ತೇವಲ್ಲ, ಆಗ ಆರೋಗ್ಯವಂತ ಇಲಿಯ ತುಂಡುಗಳು ಬೇಗ ಕರಗಿ ದ್ರವ ಮಬ್ಬಾಗುತ್ತಿತ್ತು. ರೋಗದ ಇಲಿಯವು ಕರಗುತ್ತಿರಲಿಲ್ಲ. ಸತ್ತ ಕೋಶಗಳ ಡಿಎನ್‌ಎ ಲೋಳೆಯಾಗಿ ಎಳೆಎಳೆಯಾಗಿ ತೇಲುತ್ತಿತ್ತು, ಪಿಪೆಟ್ ತುದಿ ಕಟ್ಟಿಕೊಳ್ಳುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಅವನ್ನು ಮಾತ್ರ ಶೇಕರ್‌ನಲ್ಲೇ ಬಿಡುತ್ತಿದ್ದೆ. ಆರೋಗ್ಯವಂತ ಇಲಿಯವು ಅಷ್ಟು ಹೊತ್ತೂ ಐಸ್ ಮೇಲೆ ಕುಳಿತಿರುತ್ತಿದ್ದವು. ಎಡವಟ್ಟಾದದ್ದು ಇಲ್ಲೇ. ಡೆಂಡ್ರೈಟಿಕ್ ಕೋಶವನ್ನು ಅಂಗಾಂಶದಿಂದ ಬಿಡಿಸಿ ಬೆಚ್ಚಗಿಟ್ಟರೆ ಸಾಕು, ಬೇರೆ ಪ್ರಚೋದನೆ ಇಲ್ಲದೆಯೂ ಸಿಡಿ86 ಏರಿಸಿಕೊಳ್ಳತೊಡಗುತ್ತದೆ. ಹೆಚ್ಚು ಹೊತ್ತು ಇಟ್ಟಷ್ಟೂ ಕೋಶಗಳು ಹೆಚ್ಚು ಸಾಯುತ್ತವೆ, ಸತ್ತ ಕೋಶಕ್ಕೆ ಯಾವ ಪ್ರತಿಕಾಯವಾದರೂ ಅಂಟಿಕೊಳ್ಳುತ್ತದೆ. ಸಾಲದ್ದಕ್ಕೆ, ಕಸ ಮತ್ತು ಸೂಕ್ಷ್ಮಾಣುಗಳನ್ನು ನುಂಗುವ ಕರುಳಿನ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಬಣ್ಣ ಹಾಕದೆಯೂ, ಕೋಶಗಳ ಹೊಳಪು ಅಳೆಯುವ ಸೈಟೋಮೀಟರ್‌ನಲ್ಲಿ ಹೊಳೆಯುತ್ತವೆ. ಅಂದರೆ ನಾನು ಅಳೆದದ್ದು ರೋಗವನ್ನಲ್ಲ, ಶೇಕರ್‌ನ ಸಮಯವನ್ನು. ಆರೋಗ್ಯವಂತ ಕರುಳನ್ನೂ ಅಷ್ಟೇ ಹೊತ್ತು ಇಟ್ಟು ನೋಡಿದಾಗ ಅಂತರದ ಬಹುಭಾಗ ಕರಗಿಹೋಯಿತು. ಅಷ್ಟರಲ್ಲಿ ಫೆಲೋಶಿಪ್ ಮುಗಿದಿತ್ತು, ಅದರ ಮೇಲೆ ಕಟ್ಟಿದ ಅಧ್ಯಾಯವನ್ನು ಪ್ರಬಂಧದಿಂದ ಕಿತ್ತುಹಾಕಿದೆ.

ನಿಮ್ಮ ಏರಿಕೆ ನಿಜವೇ ಇರಬಹುದು. ಆರೋಗ್ಯವಂತ ಮನುಷ್ಯರ ಕರುಳಿನ ಮ್ಯಾಕ್ರೋಫೇಜ್‌ಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಈ ಅಣುಗಳು ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ರೋಗ ಬಂದವರಲ್ಲಿ ಹೆಚ್ಚುವುದುಂಟು. ಆದರೂ ಯಾವುದನ್ನು ತಡೆಯಲಿ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡಿಎಸ್‌ಎಸ್‌ನ ತೀವ್ರ ಉರಿಯೂತ ಟಿ ಕೋಶ, ಬಿ ಕೋಶ ಎರಡೂ ಇಲ್ಲದ ಇಲಿಗಳಲ್ಲೂ ಬರುತ್ತದೆ. ಹಾಗಿರುವಾಗ ಸಿಡಿ86 ಟಿ ಕೋಶವನ್ನು ಕೆರಳಿಸಿದ್ದರಿಂದಲೇ ರೋಗ ಬಂತು ಎಂದು ಅದೇ ಮಾದರಿಯಲ್ಲಿ ಹೇಗೆ ಸಾಧಿಸುತ್ತೀರಿ?

ಇನ್ನೊಂದು, ಸಿಡಿ80 ಮತ್ತು ಸಿಡಿ86 ಯಾರ ಕೈಗೆ ಸಿಗುತ್ತವೆ ಎನ್ನುವುದೇ ಮುಖ್ಯ. ಟಿ ಕೋಶದ ಮೇಲಿನ ಸಿಡಿ28 ಎಂಬ ಗ್ರಾಹಕಕ್ಕೆ ಸಿಕ್ಕರೆ ಪ್ರತಿಜನಕದ (ಟಿ ಕೋಶ ಗುರುತಿಸುವ ವಸ್ತುವಿನ) ಸಂಕೇತಕ್ಕೆ ಬಲ ಬರುತ್ತದೆ. ಸಿಟಿಎಲ್‌ಎ-4 ಎಂಬ ಇನ್ನೊಂದು ಗ್ರಾಹಕ ಇವೆರಡನ್ನೂ ಸಿಡಿ28ಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಉರಿಯೂತವನ್ನು ಅಡಗಿಸುವ ನಿಯಂತ್ರಕ ಟಿ ಕೋಶಗಳು ಅದರ ಮೂಲಕ ಎದುರಿನ ಕೋಶದ ಮೇಲಿಂದ ಈ ಅಣುಗಳನ್ನು ಕಿತ್ತು ಒಳಗೆಳೆದುಕೊಳ್ಳುತ್ತವೆ. ಆದರೆ ಅದೇ ನಿಯಂತ್ರಕ ಕೋಶಗಳು ಉಳಿಯುವುದಕ್ಕೂ ಸಿಡಿ28 ಬೇಕು. ಎರಡನ್ನೂ ಮುಚ್ಚಿದರೆ ಬೆಂಕಿ ಹಚ್ಚುವವನ ಜೊತೆಗೆ ಆರಿಸುವವನನ್ನೂ ಮನೆಗೆ ಕಳಿಸಿದಂತೆ. ಸಂಧಿವಾತಕ್ಕೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಬಟಾಸೆಪ್ಟ್ ಇವೆರಡನ್ನೂ ಮುಚ್ಚುವ ಔಷಧವೇ. ಕ್ರೋನ್ಸ್ ಮತ್ತು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಹುಣ್ಣಿನ ಉರಿಯೂತ) ರೋಗಿಗಳ ಮೇಲಿನ ಅದರ ಪ್ರಯೋಗಗಳು 2012ರಲ್ಲಿ ಪ್ರಕಟವಾದವು. ಫಲ ಶೂನ್ಯ. ಅತ್ತ ಕ್ಯಾನ್ಸರಿಗೆ ಕೊಡುವ ಇಪಿಲಿಮುಮ್ಯಾಬ್ ಸಿಟಿಎಲ್‌ಎ-4 ಅನ್ನು ತಡೆಯುತ್ತದೆ, ಎಷ್ಟೋ ರೋಗಿಗಳಿಗೆ ಕರುಳಿನ ಉರಿಯೂತವನ್ನೇ ತರುತ್ತದೆ.

ನನ್ನ ಮಾತು ಕೇಳುವುದಾದರೆ ಡಿಎಸ್‌ಎಸ್ ಬಿಡಿ. ರ‍್ಯಾಗ್ ಜೀನ್ ಇಲ್ಲದ, ಅಂದರೆ ಟಿ, ಬಿ ಕೋಶಗಳೇ ಇಲ್ಲದ ಇಲಿಗೆ ಇನ್ನೂ ಪ್ರತಿಜನಕ ಕಾಣದ (ನೈವ್) ಸಿಡಿ4 ಟಿ ಕೋಶಗಳನ್ನು ಕೊಟ್ಟು ಕೊಲೈಟಿಸ್ ಬರಿಸಿ. ಅಲ್ಲಿ ನಿಯಂತ್ರಕ ಕೋಶಗಳನ್ನು ಸೇರಿಸಬಹುದು, ತೆಗೆಯಬಹುದು. ಅವು ರೋಗವನ್ನು ತಡೆಯುವುದೂ, ಸಿಟಿಎಲ್‌ಎ-4 ಮುಚ್ಚಿದರೆ ಆ ತಡೆ ಮುರಿಯುವುದೂ ಇದೇ ಮಾದರಿಯಲ್ಲಿ ಕಂಡದ್ದು. ಎಲ್ಲ ಕರುಳುಗಳನ್ನೂ ಒಂದೇ ಗಡಿಯಾರ ನೋಡಿ ಶೇಕರ್‌ನಿಂದ ತೆಗೆಯಿರಿ, ಸತ್ತ ಕೋಶ ಗುರುತಿಸುವ ಬಣ್ಣ ತಪ್ಪಿಸಬೇಡಿ, ಫಾಕ್ಸ್‌ಪಿ3 ಇರುವ ಕೋಶಗಳನ್ನು, ಅಂದರೆ ನಿಯಂತ್ರಕ ಕೋಶಗಳನ್ನು, ಪ್ರತಿ ಸಲವೂ ಎಣಿಸಿ. ತಡೆಯುವ ಪ್ರತಿಕಾಯಕ್ಕೆ ಆರ್ಡರ್ ಹಾಕುವುದು ಆಮೇಲೆ. ಅದು ದುಬಾರಿ, ನಿಮ್ಮ ಗೈಡ್ ಎರಡನೇ ಸಲ ಕೊಡಿಸುವುದಿಲ್ಲ.