ಜಗಳವನ್ನೂ ಸಹಕಾರವನ್ನೂ ಒಂದೇ ಪುಟದಲ್ಲಿ ಬರೆಯಿರಿ

ಪ್ರಶ್ನೆ: ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. ದೇಶಗಳು ಯಾಕೆ ಕಾದಾಡುತ್ತವೆ, ಯಾಕೆ ಕೈಜೋಡಿಸುತ್ತವೆ ಅನ್ನುವುದರ ಮೇಲೆ ಪ್ರಬಂಧ ಬರೆಯಬೇಕು. ವಾಸ್ತವವಾದ ಓದಿದರೆ ಎಲ್ಲರೂ ಶತ್ರುಗಳೇ ಅನ್ನಿಸುತ್ತದೆ. ಉದಾರವಾದ ಓದಿದರೆ ಎಲ್ಲವೂ ಒಪ್ಪಂದದಲ್ಲಿ ಮುಗಿಯುತ್ತದೆ ಅನ್ನಿಸುತ್ತದೆ. ಯಾವುದನ್ನು ಹಿಡಿದುಕೊಳ್ಳಲಿ? ಗಣಿತದ ಭಯವೂ ಇದೆ.

ಉತ್ತರ: ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡಿ. ಎರಡು ದೇಶ, ಎಂಟು-ಹತ್ತು ವರ್ಷ ಆರಿಸಿಕೊಳ್ಳಿ. ಆ ಅವಧಿಯ ಜಗಳ, ಸಹಕಾರ ಎರಡನ್ನೂ ಒಂದೇ ಪುಟದಲ್ಲಿ ಬರೆಯುತ್ತಾ ಹೋಗಿ. ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ. ಯುದ್ಧಕ್ಕೊಂದು ಅಧ್ಯಾಯ, ಒಪ್ಪಂದಕ್ಕೊಂದು ಅಧ್ಯಾಯ ಮಾಡಿಬಿಡುತ್ತಾರೆ. ಆಮೇಲೆ ಒಂದರೊಳಗಿಂದ ಇನ್ನೊಂದು ಹುಟ್ಟಿದ್ದು ಕಾಣುವುದೇ ಇಲ್ಲ.

1962ರ ಅಕ್ಟೋಬರ್ ತೆಗೆದುಕೊಳ್ಳಿ. ಕ್ಯೂಬಾದಲ್ಲಿ ಸೋವಿಯತ್ ಒಕ್ಕೂಟ ತಂದಿಟ್ಟ ಕ್ಷಿಪಣಿಗಳ ವಿಷಯದಲ್ಲಿ ಅಮೆರಿಕ ಮತ್ತು ಆ ಒಕ್ಕೂಟ ಅಣುಯುದ್ಧದ ಹೊಸ್ತಿಲಿಗೆ ಬಂದಿದ್ದವು. ಆಗ ವಾಷಿಂಗ್ಟನ್‌ನ ಸೋವಿಯತ್ ರಾಯಭಾರಿ ಡೊಬ್ರಿನಿನ್ ಮಾಸ್ಕೋಗೆ ತಂತಿ ಕಳಿಸುತ್ತಿದ್ದದ್ದು ಹೇಗೆ ಗೊತ್ತಾ? ಅದನ್ನು ಒಯ್ಯಲು ತಂತಿ ಕಂಪನಿಯ ಹುಡುಗ ಸೈಕಲ್ ಮೇಲೆ ಬರುತ್ತಿದ್ದ. ದಾರಿಯಲ್ಲಿ ಯಾರ ಜೊತೆಗೂ ಹರಟುತ್ತಾ ನಿಲ್ಲದೆ ನೇರ ಕಚೇರಿಗೆ ಹೋಗಲಪ್ಪಾ ಅಂತ ಇವರು ಬೇಡಿಕೊಳ್ಳಬೇಕಿತ್ತು. ಡೊಬ್ರಿನಿನ್ ಅವರೇ ಮುಂದೆ ಇದನ್ನು ನೆನಪಿಸಿಕೊಂಡಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಭಯದಿಂದಲೇ 1963ರ ಜೂನ್‌ನಲ್ಲಿ ಹಾಟ್‌ಲೈನ್ ಒಪ್ಪಂದವಾಯಿತು, ಅಂದರೆ ಎರಡೂ ಸರ್ಕಾರಗಳ ನಡುವೆ ನೇರ ಸಂಪರ್ಕ. ಅದು ಸಿನಿಮಾದ ಕೆಂಪು ಫೋನ್ ಅಲ್ಲ, ಟೆಲಿಪ್ರಿಂಟರ್. ಆಗಸ್ಟ್ 5ರಂದು ಬ್ರಿಟನ್ ಕೂಡ ಸೇರಿ ಅಣುಪರೀಕ್ಷೆ ನಿಷೇಧಕ್ಕೆ ಸಹಿ ಬಿತ್ತು. ಈ ಮೂರು ದೇಶಗಳ ಮಟ್ಟಿಗೆ ವಾತಾವರಣ, ಬಾಹ್ಯಾಕಾಶ, ನೀರಿನಡಿ ಪರೀಕ್ಷೆ ನಿಂತಿತು. ನೆಲದಡಿಯದ್ದು ಮಾತ್ರ ಉಳಿಯಿತು. ಅದನ್ನು ತಪಾಸಣೆ ಮಾಡಲು ಒಬ್ಬರ ನೆಲಕ್ಕೆ ಇನ್ನೊಬ್ಬರು ಹೋಗಬೇಕಿತ್ತು, ಆ ಮಾತು ಕುದುರಲಿಲ್ಲ. ಅಂದರೆ ತಮ್ಮ ಮನೆಯಿಂದಲೇ ಎಷ್ಟು ಕಣ್ಣಿಡಬಹುದೋ ಅಷ್ಟಕ್ಕೆ ಒಪ್ಪಿದರು. ಪರಸ್ಪರ ನಂಬಿಕೆ ಆಗಲೂ ಇರಲಿಲ್ಲ, ಶಸ್ತ್ರಾಸ್ತ್ರ ಪೈಪೋಟಿಯೂ ನಿಲ್ಲಲಿಲ್ಲ. ವಾಸ್ತವವಾದ ಸರಿಯೋ ಉದಾರವಾದ ಸರಿಯೋ ಅಂತ ಇಲ್ಲಿ ಕೇಳಿ ನೋಡಿ. ಎರಡೂ ಅರ್ಧರ್ಧ ಉತ್ತರ ಕೊಡುತ್ತವೆ, ಅಲ್ವಾ?

ಆ ಕಾಲದ ಪತ್ರಿಕೆಗಳನ್ನಷ್ಟೇ ನಂಬಬೇಡಿ. ಕ್ಯೂಬಾದ ಕ್ಷಿಪಣಿ ತೆಗೆದರೆ ಟರ್ಕಿಯಲ್ಲಿದ್ದ ಅಮೆರಿಕದ ಕ್ಷಿಪಣಿಗಳನ್ನೂ ತೆಗೆಯುವ ಮಾತು ಗುಟ್ಟಾಗಿ ಆಗಿತ್ತು. ಅದು ಹೊರಬೀಳಲು ಎಷ್ಟೋ ವರ್ಷ ಬೇಕಾಯಿತು. ಅಲ್ಲಿಯವರೆಗೆ ಅಮೆರಿಕದ ಅಧ್ಯಕ್ಷ ಕೆನಡಿಯ ಗಟ್ಟಿತನಕ್ಕೆ ಸೋವಿಯತ್ ನಾಯಕ ಕ್ರುಶ್ಚೇವ್ ಮಣಿದರು ಅಂತಲೇ ಬಹಳ ಮಂದಿ ತಿಳಿದಿದ್ದರು. ಜಗಳ ಬೀದಿಯಲ್ಲಿ ಆಗುತ್ತದೆ, ರಾಜಿ ಎಷ್ಟೋ ಸಲ ಒಳಮನೆಯಲ್ಲಿ ಆಗುತ್ತದೆ. ಹಾಗಾಗಿ ದಾಖಲೆಗಳು ತೆರೆದಿರುವ ಕಾಲವನ್ನೇ ಆರಿಸಿಕೊಳ್ಳಿ.

ಅಂಕಿಅಂಶ ಬಳಸುವುದಾದರೆ ಮೊದಲು ವ್ಯಾಖ್ಯೆ ನೋಡಿ. ಯುದ್ಧಗಳ ಅಂಕಿಅಂಶ ಕಲೆಹಾಕುವ ಕೋರಿಲೇಟ್ಸ್ ಆಫ್ ವಾರ್ ಯೋಜನೆ ಕಾಳಗದಲ್ಲಿ ಕನಿಷ್ಠ 1000 ಸಾವಾಗಿದ್ದರೆ ಮಾತ್ರ ಯುದ್ಧ ಅನ್ನುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಪಟ್ಟಿಗೆ ಕಾಳಗದಲ್ಲಿ ವರ್ಷಕ್ಕೆ 25 ಸಾವಾದರೂ ಸಾಕು, ಅದು ಸಶಸ್ತ್ರ ಸಂಘರ್ಷವೇ. ಎರಡನ್ನೂ ಸುಮ್ನೆ ಬೆರೆಸಿದರೆ ಲೆಕ್ಕ ಕೆಡುತ್ತದೆ.

ಗಣಿತಕ್ಕೆ ಹೆದರಬೇಡಿ. ಕೈಜೋಡಿಸಿದರೆ ಇಬ್ಬರಿಗೂ ಲಾಭವಿದ್ದರೂ ಅಪನಂಬಿಕೆಯಿಂದ ಇಬ್ಬರೂ ನಷ್ಟಕ್ಕೆ ಬೀಳುವ ‘ಕೈದಿಗಳ ಇಕ್ಕಟ್ಟಿ’ನಂಥ ಆಟ ಅರ್ಥವಾಗಲು ನಾಲ್ಕು ಚೌಕದ ಒಂದು ಕೋಷ್ಟಕ ಸಾಕು.

ಯಾವ ಜೋಡಿ ಅಂತ ಕೇಳಿದರೆ, ನಾನಾದರೆ 1949ರಿಂದ 1957ರವರೆಗಿನ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ತೆಗೆದುಕೊಳ್ಳುತ್ತೇನೆ. ಕಲ್ಲಿದ್ದಲಿನ ನಾಡು ಸಾರ್ ಯಾರದು ಅನ್ನುವ ತಕರಾರು ಇಬ್ಬರ ನಡುವೆ ಇತ್ತು. ಅದು ಬಗೆಹರಿದು ಸಾರ್ ಜರ್ಮನಿಗೆ ಸೇರಿದ್ದು 1957ರ ಜನವರಿಯಲ್ಲಿ. ಆದರೆ ಕಲ್ಲಿದ್ದಲು ಮತ್ತು ಉಕ್ಕನ್ನು ಜಂಟಿ ಆಡಳಿತಕ್ಕೆ ಒಪ್ಪಿಸುವ ಒಪ್ಪಂದಕ್ಕೆ ಇವರು 1951ರಲ್ಲೇ ಸಹಿ ಹಾಕಿಯಾಗಿತ್ತು. ಕಲ್ಲಿದ್ದಲಿಗಾಗಿ ಜಗಳ ಇನ್ನೂ ನಡೆಯುತ್ತಿರುವಾಗಲೇ ಆ ಸಹಿ ಹೇಗೆ ಬಿತ್ತು? ನಿಮ್ಮ ಮೊದಲ ಪುಟವನ್ನು ಈ ಪ್ರಶ್ನೆಯಿಂದ ಶುರು ಮಾಡಿ.