ಜೋರಾಗಿ ಓಡಿಸಿದಾಗ ಮಾತ್ರ ಕೈಕೊಡುವ ಹಳೆಯ ಸ್ಪೋರ್ಟ್ಸ್ ಕಾರನ್ನು ಹವ್ಯಾಸಿ ಸ್ಪರ್ಧೆಗೆ ಇಳಿಸಬಹುದಾ?

ಇಳಿಸಬಹುದು. ನಾನು ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ನನ್ನದು 1967ರ ಎಂಜಿಬಿ ರೋಡ್‌ಸ್ಟರ್, ಎರಡು ಸೀಟಿನ ಬ್ರಿಟಿಷ್ ತೆರೆದ ಕಾರು. 1798 ಸಿಸಿ ಎಂಜಿನ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಎರಡು ಕಾರ್ಬ್ಯುರೇಟರ್, ಸೀಟಿನ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿ. ಮೊದಲ ಎರಡು ವರ್ಷ ಸ್ಪರ್ಧೆಗೆ ಹೋದಾಗೆಲ್ಲ ಅರ್ಧ ದಿನ ಬಾನೆಟ್ ಒಳಗೇ ತಲೆ ಹಾಕಿಕೊಂಡಿರುತ್ತಿದ್ದೆ.

ನಿಮ್ಮ ಪ್ರಶ್ನೆಯಲ್ಲೇ ಒಂದು ಸುಳಿವಿದೆ. ಮಾಮೂಲಿ ಓಡಾಟಕ್ಕೆ ಸರಿ, ಜೋರು ಮಾಡಿದರೆ ಮಾತ್ರ ಮುನಿಸು ಅಂದಿದ್ದೀರಿ. ಹಾಗಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಬಿಸಿಯನ್ನು. ಅದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳುತ್ತೇನೆ.

ನನ್ನ ಮೂರನೇ ಸ್ಪರ್ಧೆ ಒಂದು ಹಿಲ್ ಕ್ಲೈಂಬ್. ಒಂದೊಂದೇ ಕಾರು ಗಡಿಯಾರದ ವಿರುದ್ಧ ಗುಡ್ಡ ಹತ್ತಬೇಕು. ದಿನಕ್ಕೆ ನಾಲ್ಕು ಓಟ. ಮೊದಲನೆಯದು ಚೆನ್ನಾಗಿ ಆಯಿತು. ಆಮೇಲೆ ಅರ್ಧ ಗಂಟೆ ಬಿಸಿಲಲ್ಲಿ ಸಾಲು ನಿಂತೆ. ಎರಡನೇ ಓಟದಲ್ಲಿ 4000 ಆರ್‌ಪಿಎಂ ದಾಟುತ್ತಿದ್ದ ಹಾಗೆ ಎಂಜಿನ್ ಮಿಸ್ ಹೊಡೆಯತೊಡಗಿತು, ಸೈಲೆನ್ಸರಿನಲ್ಲಿ ಪಟ್ ಪಟ್ ಅಂತ ಸದ್ದು. ಕೆಳಗೆ ಬಂದು ತಣ್ಣಗಾದ ಮೇಲೆ ಏನೂ ಆಗಿಲ್ಲವೇನೋ ಎನ್ನುವಂತೆ ಸ್ಟಾರ್ಟ್ ಆಯಿತು.

ಪೆಟ್ರೋಲ್ ಕುದಿಯುತ್ತಿದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಕಾರಣವೂ ಇತ್ತು. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರ್, ಎಕ್ಸಾಸ್ಟ್ ಎರಡೂ ಒಂದೇ ಬದಿಗೆ, ಒಂದರ ಮೇಲೊಂದು ಇವೆ. ಓಡುವಾಗ ಗಾಳಿ ಆಡುತ್ತದೆ, ನಿಂತಾಗ ಎಕ್ಸಾಸ್ಟಿನ ಶಾಖವೆಲ್ಲ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಪೆಟ್ರೋಲ್ ಪೈಪಿಗೆ ಫಾಯಿಲ್ ಸುತ್ತಿದೆ. ಯಾರೋ ಹೇಳಿದರು ಅಂತ ಬಟ್ಟೆ ಒಣಹಾಕುವ ಮರದ ಕ್ಲಿಪ್ಪನ್ನೂ ಸಿಕ್ಕಿಸಿದೆ (ನಗಬೇಡಿ, ತುಂಬಾ ಜನ ಮಾಡುತ್ತಾರೆ). ಊಟ ಬಿಟ್ಟು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬಟ್ಟಲು ಬಿಚ್ಚಿ ಮಟ್ಟ ಸರಿ ಮಾಡಿದೆ. ಮೂರನೇ ಓಟದಲ್ಲೂ ಅದೇ ರಗಳೆ.

ಪಕ್ಕದಲ್ಲಿ ಕಾರು ನಿಲ್ಲಿಸಿದ್ದ ಹಿರಿಯರೊಬ್ಬರು ಬಂದು ಒಂದೇ ಮಾತು ಕೇಳಿದರು. ‘ಬಿಸಿ ಇರುವಾಗಲೇ ಕಿಡಿ ನೋಡಿದೆಯಾ?’ ನೋಡಿರಲಿಲ್ಲ. ಒಂದು ಪ್ಲಗ್ ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ ಲೋಹಕ್ಕೆ ತಾಗಿಸಿ, ಸ್ಟಾರ್ಟರ್ ತಿರುಗಿಸಿದೆವು. ದಪ್ಪನೆಯ ನೀಲಿ ಕಿಡಿ ಬರಬೇಕಾದ ಕಡೆ ಸಣಕಲು ಹಳದಿ ಕಿಡಿ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಹೋಗಿತ್ತು. ಹೆಬ್ಬೆರಳಿಗಿಂತ ಸಣ್ಣ ಡಬ್ಬಿ ಅದು. ಪಾಯಿಂಟ್ಸ್ (ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುವ ಪುಟ್ಟ ಸ್ವಿಚ್) ತೆರೆದಾಗ ಅಲ್ಲಿ ಕಿಡಿ ಹಾರದಂತೆ ತಡೆದು, ವೋಲ್ಟೇಜ್ ಹೆಚ್ಚಿಸುವ ಕಾಯಿಲ್‌ನ ಬಲವೆಲ್ಲ ಪ್ಲಗ್ಗಿಗೆ ಹೋಗುವಂತೆ ಮಾಡುವುದು ಅದರ ಕೆಲಸ. ಬಿಸಿಯಾದಾಗ ಒಳಗಿನ ಇನ್ಸುಲೇಷನ್ ಸೋರುತ್ತದೆ, ತಣ್ಣಗಾದರೆ ಮತ್ತೆ ಸರಿ. ಬದಲಿಸಲು ಹತ್ತು ನಿಮಿಷ ಹಿಡಿಯಿತು. ನಾಲ್ಕನೇ ಓಟ ಬೆಣ್ಣೆ ಹಾಗೆ ಹೋಯಿತು.

ನನ್ನ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರ್ ಇರುವುದು ಕಾರ್ಬ್ಯುರೇಟರಿನ ಎದುರು ಬದಿಗೆ. ಎರಡು ಗಂಟೆ ನಾನು ಎಂಜಿನ್ನಿನ ತಪ್ಪು ಪಕ್ಕದಲ್ಲಿ ನಿಂತಿದ್ದೆ!

ಕಿಡಿ ನೋಡುವಾಗ ಶಾಕ್ ಹೊಡೆಯದಂತೆ ಇನ್ಸುಲೇಷನ್ ಹಿಡಿ ಇರುವ ಇಕ್ಕಳ ಬಳಸಿ, ಹತ್ತಿರ ಪೆಟ್ರೋಲ್ ಸೋರಿಕೆ ಇರಬಾರದು. ಕಿಡಿ ಚೆನ್ನಾಗಿದ್ದರೆ ಆಮೇಲೆ ಪೆಟ್ರೋಲ್ ಕಡೆ ಹೋಗಿ. ಹಳೆಯ ರಬ್ಬರ್ ಪೈಪುಗಳನ್ನಂತೂ ಹೇಗಿದ್ದರೂ ಬದಲಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಅವನ್ನು ಒಳಗಿನಿಂದ ತಿನ್ನುತ್ತದೆ. ಪೈಪ್ ಬಿರುಕು ಬಿಡುವ ಜಾಗ ಕಾದ ಎಕ್ಸಾಸ್ಟಿನ ಮೇಲೇ ಇದ್ದರೆ ಮುಂದೇನಾಗುತ್ತದೆ ಅಂತ ಹೇಳಬೇಕಿಲ್ಲ ಅಲ್ವಾ?

ಬ್ರೇಕಿನ ಕಥೆಯೂ ಬಿಸಿಯದ್ದೇ. ಒಮ್ಮೆ ಇಳಿಜಾರಿನ ಕೊನೆಯಲ್ಲಿ ಪೆಡಲ್ ಸುಮ್ನೆ ನೆಲಕ್ಕೆ ಹೋಯಿತು. ತಪ್ಪು ನನ್ನದೇ, ಬ್ರೇಕ್ ದ್ರವ ಮೂರು ವರ್ಷ ಹಳೆಯದು. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರಿನಂಶ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ, ಪೆಡಲ್ ಒತ್ತಿದರೆ ಆವಿ ಕುಗ್ಗುತ್ತದೆ, ಕಾರು ನಿಲ್ಲುವುದಿಲ್ಲ. ಈಗ ಪ್ರತಿ ವರ್ಷ ಬದಲಿಸುತ್ತೇನೆ.

ಎಂಜಿನ್ ಬಲ ಹೆಚ್ಚಿಸುವ ಯೋಚನೆ ಸದ್ಯಕ್ಕೆ ಬಿಡಿ. ಬಲ ಹೆಚ್ಚಿದಷ್ಟೂ ಶಾಖ ಜಾಸ್ತಿ. ಪಾಯಿಂಟ್ಸ್ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಅಂತ ಹತ್ತು ಜನ ಹೇಳುತ್ತಾರೆ. ನಾನು ಹಾಕಿಸಿಲ್ಲ. ಪಾಯಿಂಟ್ಸ್ ಸಾಯುವ ಮೊದಲು ಕೆಮ್ಮುತ್ತದೆ, ನಾನೇ ದಾರಿಬದಿಯಲ್ಲಿ ಸರಿಪಡಿಸಬಹುದು. ನನ್ನದರ ಹಾಗೆ ಪಾಸಿಟಿವ್ ಅರ್ಥ್ ಕಾರಾದರೆ (ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹಕ್ಕೆ ಜೋಡಿಸಿರುವಂಥದ್ದು) ತಪ್ಪು ಇಗ್ನಿಷನ್ ಕಿಟ್ ತಂದು ಸುಟ್ಟುಕೊಳ್ಳುವ ಅಪಾಯ ಬೇರೆ. ಇನ್ನೊಂದು ಮಾತು: ಬಿಡಿಭಾಗದ ಪೆಟ್ಟಿಗೆಯಲ್ಲಿ ಇಡುವ ಕಂಡೆನ್ಸರ್, ರೋಟರ್ ಆರ್ಮ್ (ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ತುಂಡು) ಮೊದಲೇ ಕಾರಿಗೆ ಹಾಕಿ ಓಡಿಸಿ ನೋಡಿದವು ಆಗಿರಲಿ. ಹೊಸ ಪೊಟ್ಟಣದಿಂದ ತೆಗೆದದ್ದೇ ಕೈಕೊಟ್ಟದ್ದನ್ನು ನೋಡಿದ್ದೇನೆ.

ಮೊದಲ ಸ್ಪರ್ಧೆಗೆ ರೆಗ್ಯುಲಾರಿಟಿ ರ‍್ಯಾಲಿ ಒಳ್ಳೆಯದು. ಗೊತ್ತುಮಾಡಿದ ಸರಾಸರಿ ವೇಗ ಕಾಯ್ದುಕೊಂಡರೆ ಸಾಕು, ಬೇಗ ಬಂದರೂ ತಡವಾಗಿ ಬಂದರೂ ಸೆಕೆಂಡ್ ಲೆಕ್ಕದಲ್ಲಿ ದಂಡ. ತಪಾಸಣೆಯಲ್ಲಿ ಬ್ಯಾಟರಿ ಬಿಗಿಯಾಗಿದೆಯಾ, ಆಕ್ಸಿಲರೇಟರ್ ತಾನಾಗೇ ಹಿಂದಕ್ಕೆ ಬರುತ್ತದಾ, ಚಕ್ರ ಅಲ್ಲಾಡುತ್ತದಾ, ಎಣ್ಣೆ ಸೋರುತ್ತದಾ ಅಂತ ನೋಡುತ್ತಾರೆ. ಹಿಂದಿನ ವಾರವೇ ನೀವೇ ನೋಡಿಕೊಳ್ಳಿ.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಅರ್ಧ ಗಂಟೆ ಕಾರಿಗೆ ಚೆನ್ನಾಗಿ ಕೆಲಸ ಕೊಡಿ. ಬಿಸಿಲಲ್ಲಿ ನಿಲ್ಲಿಸಿ, ಬಾನೆಟ್ ತೆರೆಯದೆ ಹದಿನೈದು ನಿಮಿಷ ಕಾಯಿರಿ. ಮತ್ತೆ ಸ್ಟಾರ್ಟ್ ಮಾಡಿ ಜೋರಾಗಿ ಓಡಿಸಿ. ಮಿಸ್ ಹೊಡೆದರೆ ಅಲ್ಲೇ ನಿಲ್ಲಿಸಿ ಪ್ಲಗ್ ಬಿಚ್ಚಿ. ಕಿಡಿಯ ಬಣ್ಣ ಏನಿತ್ತು ಅಂತ ಬರೆಯಿರಿ, ಮುಂದಿನದನ್ನು ಆಮೇಲೆ ನೋಡೋಣ.